ಅತ್ತೆ ಒಳಗಿದ್ದಾರೆ

ಅತ್ತೆಯನ್ನು ಸಾಯಿಸುವುದಕ್ಕೆ ದುಡ್ಡಿಲ್ಲ ಎಂದು ನಿರ್ದೇಶಕರು ಹೇಳಿದಾಗ ಸ್ಟುಡಿಯೋದಲ್ಲಿ ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುವ ಮಾತೇ. ಆದರೆ ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುತ್ತಿದ್ದ ಹೆಂಗಸು ನಿಜವಾಗಿಯೇ ತೀರಿಕೊಂಡು ಇನ್ನೂ ವಾರ ಆಗಿರಲಿಲ್ಲ. ಆಕೆಯ ಮಗಳು ಅಲ್ಲೇ ಮೂಲೆಯಲ್ಲಿ, ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡು ಕೂತಿದ್ದಳು.

ಮಗಳು ಅದೇ ಧಾರಾವಾಹಿಯ ಧ್ವನಿ ವಿಭಾಗದವಳು. ಶೂಟಿಂಗ್ ಹೊತ್ತಿಗೆ ಗಾಜಿನ ಕೋಣೆಯಲ್ಲಿ ಕೂತು ಮಾತು ಹಿಡಿಯುವವಳೂ ಅವಳೇ, ಆಮೇಲೆ ಅದನ್ನು ಕತ್ತರಿಸಿ ಜೋಡಿಸುವವಳೂ ಅವಳೇ. ಮೊದಲು ಆ ಕೆಲಸಕ್ಕೆ ಜನವಿದ್ದರು. ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿದ ಮೇಲೆ ಇವಳೊಬ್ಬಳು ಉಳಿದಳು. ಎಲ್ಲರೂ ಅವಳನ್ನು ಸೌಂಡಮ್ಮ ಅನ್ನುತ್ತಿದ್ದರು. ಅಷ್ಟು ಕಡಿಮೆ ಮಾತಿನವಳಿಗೆ ಅಂಥ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

"ನೀವೇ ಯೋಚನೆ ಮಾಡಿ," ಎಂದರು ನಿರ್ದೇಶಕರು. "ಸಾವು ಅಂದ್ರೆ ಸುಮ್ನೇನಾ? ಜನ ಸೇರ್ಬೇಕು, ಗಾಡಿ ಬರ್ಬೇಕು, ಹೊರಗಡೆ ಶೂಟಿಂಗ್ ಆಗ್ಬೇಕು. ಅಳೋರು ಬೇಕು, ಅಳೋರಿಗೆ ಊಟ ಬೇಕು. ಬದುಕಿರೋದೇ ಅಗ್ಗ ಕಣ್ರಯ್ಯಾ. ಅತ್ತೆಗೆ ಹುಷಾರಿಲ್ಲ, ಒಳಗೆ ಮಲಗಿದಾರೆ ಅಂದ್ರೆ ಮುಗೀತು. ಒಂದು ಬಾಗಿಲು, ಬಾಗಿಲ ಹಿಂದಿನಿಂದ ಒಂದು ದನಿ." ಅಷ್ಟು ಹೇಳಿ ಅವರು ಸೌಂಡಮ್ಮನ ಕಡೆ ತಿರುಗಿದರು. ದನಿ ಸಣ್ಣದಾಯಿತು. "ಅಮ್ಮನ ಮಾತುಗಳು ಬೇಕಾದಷ್ಟು ಇವೆಯಲ್ಲಮ್ಮ, ಡಿಸ್ಕಲ್ಲಿ. ಜೋಡಿಸೋಕಾಗುತ್ತಾ? ನಿನಗೆ ಬೇಡ ಅನ್ಸಿದ್ರೆ ಬೇಡ. ಬೇಡ ಅಂದ್ರೆ ಧಾರಾವಾಹಿ ನಿಲ್ಲುತ್ತೆ, ಅಷ್ಟೇ."

ಅಷ್ಟೇ ಅಂತೆ! ಅಲ್ಲಿ ಕೂತವರೆಲ್ಲರ ಅನ್ನ ಆ 'ಅಷ್ಟೇ'ಯಲ್ಲಿತ್ತು. ಸೌಂಡಮ್ಮ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ, ಬೇರೆಯವರ ಅನ್ನಕ್ಕಾಗಿ ಅವಳು ಒಪ್ಪಿದ್ದಲ್ಲ. ನಾಳೆಯೂ ಅಮ್ಮನ ದನಿ ಕೇಳಬಹುದಲ್ಲ ಎಂಬ ಆಸೆಗೆ ಒಪ್ಪಿದ್ದು.

ಅದು ಜನರ ದುಡ್ಡಿನಲ್ಲಿ, ಸರ್ಕಾರದ ಕೈಯಿಂದ ನಡೆಯುವ ವಾಹಿನಿ. ಜಾಹೀರಾತು ಇಲ್ಲ, ಅಬ್ಬರ ಇಲ್ಲ. ಸಂಜೆ ಊರವರೆಲ್ಲ ಕೆಲಸ ಮುಗಿಸಿ ಕೂತಾಗ ಸುದ್ದಿ, ಅದಾದ ಮೇಲೆ 'ಒಂದೇ ಹೊಸ್ತಿಲು'. ತುಂಬು ಸಂಸಾರದ ಕಥೆ. ಅತ್ತೆ, ಮಾವ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲಿಂದಲೋ ಬಂದು ಬೇರೂರಿದ ಒಬ್ಬ ಚಿಕ್ಕಪ್ಪ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುವ ಮನೆ. ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು: ಇಷ್ಟು ಖರ್ಚು ಯಾಕೆ? ಶುರುವಾಯಿತು ನೋಡಿ ಕಡಿತ. ಮೊದಲು ಹೊರಗಿನ ಶೂಟಿಂಗ್ ಹೋಯಿತು, ಮನೆಯವರು ಮನೆ ಬಿಟ್ಟು ಹೊರಡುವುದೇ ನಿಂತಿತು. ಆಮೇಲೆ ಅಂಗಳ ಹೋಯಿತು. ಮೊಮ್ಮಕ್ಕಳು ಹಾಸ್ಟೆಲ್ ಸೇರಿದರು. ಹಿರಿಯ ಮಗನಿಗೆ ದೂರದೂರಿಗೆ ವರ್ಗವಾಯಿತು, ಅವನಿಂದ ಬರೀ ಫೋನು, ಫೋನಿನಲ್ಲೂ ಅವನ ದನಿ ಕೇಳುವುದಿಲ್ಲ, 'ಹೂಂ, ಹೂಂ' ಎಂದು ಇತ್ತಲಿನವರೇ ತಲೆಯಾಡಿಸಬೇಕು. ಚಿಕ್ಕಪ್ಪ ಒಂದು ಕಂತಿನಲ್ಲಿ ಸ್ನಾನಕ್ಕೆ ಹೋದವನು ಇವತ್ತಿನವರೆಗೆ ಹೊರಗೆ ಬಂದಿಲ್ಲ.

ಅತ್ತೆ ಹೋದ ಮೇಲಂತೂ ನಿರ್ದೇಶಕರಿಗೆ ದಾರಿ ಸಿಕ್ಕಿದಂತಾಯಿತು. ಮಾವನನ್ನು ಕೈಬಿಡಿ ಎಂದು ಮೇಲಿನವರು ಹೇಳಿದಾಗ ಮಾವನಿಗೂ ಒಂದು ಬಾಗಿಲು. ಕಿರಿಯ ಮಗ ಸಿಟ್ಟು ಮಾಡಿಕೊಂಡು ಚಿಲಕ ಹಾಕಿಕೊಂಡ, ಅವನಿಗೂ ಒಂದು ಬಾಗಿಲು. ಎಲ್ಲರ ಹಳೆಯ ಮಾತುಗಳನ್ನೂ ಸೌಂಡಮ್ಮ ಹೆಕ್ಕಿ ಹೊಲಿಯಬೇಕು. ಕೊನೆಗೆ ಪರದೆಯ ಮೇಲೆ ಉಳಿದದ್ದು ಸೊಸೆಯೊಬ್ಬಳು. ಆ ಪಾತ್ರ ಮಾಡುವ ಹುಡುಗಿಯನ್ನು ಸ್ಟುಡಿಯೋದವರೂ ಸೊಸೆ ಎಂದೇ ಕರೆಯುತ್ತಿದ್ದರು. ಪಾಪ, ಅವಳು ಉದ್ದನೆಯ ಪಡಸಾಲೆಯಲ್ಲಿ ತಟ್ಟೆ ಹಿಡಿದುಕೊಂಡು ಮುಚ್ಚಿದ ಬಾಗಿಲಿಂದ ಮುಚ್ಚಿದ ಬಾಗಿಲಿಗೆ ಹೋಗುತ್ತಿದ್ದಳು. "ಅತ್ತೇ, ಏಳ್ತೀರಾ?" ಎನ್ನುವಳು. ಒಳಗಿನಿಂದ "ಆಮೇಲೆ ಏಳ್ತೀನಮ್ಮ" ಎಂದು ಬರುವುದು. ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಮುಂದಿನ ಬಾಗಿಲಿಗೆ ಹೋಗುವಳು. ಮರುದಿನ ತಟ್ಟೆ ಖಾಲಿಯಾಗಿರುತ್ತಿತ್ತು. ಖಾಲಿ ಮಾಡುತ್ತಿದ್ದದ್ದು ಸೆಟ್ಟಿನ ದೀಪ ನೋಡಿಕೊಳ್ಳುವ ಲೈಟಣ್ಣ, ಅದು ಎಲ್ಲರಿಗೂ ಗೊತ್ತು. ಆದರೂ ಆ ಖಾಲಿ ತಟ್ಟೆ ತೆಗೆಯುವಾಗ ಸೊಸೆ ಬಾಗಿಲಿಗೆ ಬೆನ್ನು ಮಾಡದೆ ಹಿಂದೆ ಸರಿಯುತ್ತಿದ್ದದ್ದು ನಟನೆಯಲ್ಲ.

ಬಾಗಿಲುಗಳ ಹಿಂದೆ ಏನಿತ್ತು? ಏನೂ ಇಲ್ಲ. ಪ್ಲೈವುಡ್ಡು, ಅದಕ್ಕೆ ಕೊಟ್ಟ ಆನಿಕೆಯ ಕೋಲು, ಒಂದು ಸ್ಪೀಕರು. ಸೊಸೆಗೆ ಎಲ್ಲಿ ನಿಲ್ಲಿಸಿ ಎಲ್ಲಿ ಮಾತಾಡಬೇಕೆಂದು ತಿಳಿಯಲಿ ಎಂದು ಸೌಂಡಮ್ಮ ಗಾಜಿನ ಕೋಣೆಯಿಂದ ಒಳದನಿಯನ್ನು ಆ ಸ್ಪೀಕರಿಗೆ ಬಿಡುತ್ತಿದ್ದಳು. ಎದೆಗಾರಿಕೆಯ ಲೈಟಣ್ಣ ಕೂಡ ಅತ್ತೆಯ ಬಾಗಿಲ ಹಿಂದೆ ವೈರು ಎಳೆಯಲು ಹೋಗುವ ಮುಂಚೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ. ಯಾಕೋ ಎಂದು ಕೇಳಿದರೆ, "ಹೆಂಗಸರ ಕೋಣೆ ಅಲ್ವಾ" ಎಂದು ಗೊಣಗುತ್ತಿದ್ದ. ಯಾರೂ ತಮಾಷೆ ಮಾಡಲಿಲ್ಲ.

ಆಶ್ಚರ್ಯವೆಂದರೆ ನೋಡುವವರು ಹೆಚ್ಚಾದರು. ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಅತ್ತೆ ಯಾವಾಗ ಹೊರಗೆ ಬರ್ತಾರೆ? ಆ ಮನೆಯವರಿಗೆಲ್ಲ ಏನಾಗಿದೆ? ಹೆದರಿಕೆ ಆಗುತ್ತೆ, ಆದರೆ ನೋಡದೆ ಇರೋಕಾಗಲ್ಲ. ಖರ್ಚು ಕಡಿತದ ಹೊಣೆ ಹೊತ್ತ ಅಧಿಕಾರಿ, ಕತ್ತರಿ ಸಾಹೇಬರು ಎಂದೇ ಹೆಸರಾದವರು, ಒಂದು ದಿನ ತಾವೇ ಇಳಿದು ಬಂದು ನಿರ್ದೇಶಕರ ಕೈ ಕುಲುಕಿದರು. "ನೋಡಿದ್ರಾ, ಕಡಿಮೆ ದುಡ್ಡಲ್ಲೂ ಎಷ್ಟು ಚೆನ್ನಾಗಿ ಮಾಡಬಹುದು! ನಮ್ಮನೇಲಿ ನನ್ನ ಹೆಂಡ್ತಿ ಒಬ್ಬಳೇ ಇದ್ರೆ ನೋಡಲ್ಲ. ನಾನು ಪಕ್ಕದಲ್ಲಿರಬೇಕು." ನಿರ್ದೇಶಕರು ಹಲ್ಲು ಕಿರಿದರು. ಸಾಹೇಬರು ಅತ್ತ ಹೋದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

ಈಗ ಸೌಂಡಮ್ಮನ ಸಂಕಟಕ್ಕೆ ಬರೋಣ.

ಅಮ್ಮನ ಮಾತುಗಳನ್ನು ಜೋಡಿಸುವುದು ಮೊದಮೊದಲು ಅವಳಿಗೆ ಹಿತವೇ ಆಗಿತ್ತು. ಬೆಳಿಗ್ಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ ಅಮ್ಮ ಕಿವಿಯೊಳಗೇ ಕೂತಿರುತ್ತಿದ್ದಳು. ಒಂದು ಕಂತಿನ 'ನಾನು', ಇನ್ನೊಂದು ಕಂತಿನ 'ಇಲ್ಲೇ', ಮತ್ತೆಲ್ಲಿಂದಲೋ ಒಂದು 'ಇದೀನಿ'. ಆದರೆ ಬರಬರುತ್ತಾ ಅವಳಿಗೆ ಒಂದು ಅರಿವಾಯಿತು. ಇದ್ದದ್ದೆಲ್ಲ ಅತ್ತೆಯ ಮಾತು, ಅಮ್ಮನದಲ್ಲ. ಯಾರೋ ಬರೆದುಕೊಟ್ಟದ್ದು. ಅಮ್ಮ ತನ್ನ ಪಾಡಿಗೆ ಆಡಿದ ಒಂದು ಮಾತೂ ಆ ಡಿಸ್ಕುಗಳಲ್ಲಿ ಇರಲಿಲ್ಲ, ಯಾಕೆಂದರೆ ಅವುಗಳನ್ನು ಅಳಿಸಿದವಳು ಇವಳೇ. 'ಕಟ್' ಎಂದ ಮೇಲಿನದನ್ನು ಇಟ್ಟುಕೊಳ್ಳಬಾರದು, ಜಾಗ ಸಾಲುವುದಿಲ್ಲ, ಹೊಸ ಡಿಸ್ಕಿಗೆ ದುಡ್ಡಿಲ್ಲ ಎಂದು ಆದೇಶವಾದಾಗ ಉಳಿದ ವಿಭಾಗದವರೆಲ್ಲ ಅದನ್ನು ಗಾಳಿಗೆ ತೂರಿದ್ದರು. ಇವಳು ಮಾತ್ರ ಆಜ್ಞೆಯನ್ನು ತಲೆಯ ಮೇಲೆ ಹೊತ್ತು ಪ್ರತಿ ಸಂಜೆ ಅಚ್ಚುಕಟ್ಟಾಗಿ ಒರೆಸಿ ಹಾಕಿದ್ದಳು. ಅಮ್ಮನ ಸೀನು, ಅಮ್ಮನ ನಗು, ಲೈಟಣ್ಣನ ಮೇಲೆ ಅಮ್ಮ ರೇಗಿದ್ದು, ಎಲ್ಲ ಮಂಗಮಾಯ. ಇಂಥ ತಪ್ಪು ಮಾಡಲೂ ಆ ಕೆಲಸದಲ್ಲಿ ಅಷ್ಟು ಶ್ರದ್ಧೆ ಬೇಕು, ಏನು ಹೇಳೋಣ!

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಇಲಿಮರಿ. ಅಮ್ಮ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಹುಟ್ಟಿದಾಗ ಅಷ್ಟೇ ಇದ್ದಳಂತೆ, ಅಂಗೈಯಲ್ಲಿ ಹಿಡಿಸುವಷ್ಟು. ಬೆಳೆದು ದೊಡ್ಡವಳಾದರೂ ಅಮ್ಮನ ಬಾಯಲ್ಲಿ ಅದು ಹೋಗಲಿಲ್ಲ. ಇವಳು ಸ್ಟುಡಿಯೋದ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಅಮ್ಮ ಸೆಟ್ಟಿನ ನಡುವೆ ನಿಂತು, ಇಡೀ ಹಾಲಿಗೆ ಕೇಳುವಂತೆ, "ಏ ಇಲಿಮರಿ, ಊಟ ಆಯ್ತೇನೇ?" ಎಂದು ಕೂಗಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು. ಇವಳು ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೇಳಿಸದವಳ ಹಾಗೆ ತಲೆ ತಗ್ಗಿಸಿ ಕೂತಳು. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲೇ ಜಗಳ ತೆಗೆದಳು.

"ಎಲ್ಲರ ಮುಂದೆ ಹಾಗೆ ಕರೀಬೇಡಮ್ಮ. ನನಗೂ ಒಂದು ಮರ್ಯಾದೆ ಇದೆ."

"ಕರೆದ್ರೆ ಏನಾಗುತ್ತೆ?"

"ಬೇಡ ಅಂದ್ರೆ ಬೇಡ. ಇನ್ಮೇಲೆ ಎಲ್ಲೂ ಕರೀಬೇಡ."

"ಸರಿ ಬಿಡು," ಎಂದಳು ಅಮ್ಮ. ಹಟಮಾರಿ ಹೆಂಗಸು. ಅಂದಿನಿಂದ ಜಪ್ಪಯ್ಯ ಎಂದರೂ ಆ ಹೆಸರು ಅವಳ ಬಾಯಲ್ಲಿ ಬರಲಿಲ್ಲ, ಮನೆಯಲ್ಲೂ ಇಲ್ಲ, ಮೈ ಸುಡುವ ಜ್ವರದಲ್ಲೂ ಇಲ್ಲ. ಎಲ್ಲರಂತೆ ತಾನೂ 'ಸೌಂಡಮ್ಮ' ಅನ್ನತೊಡಗಿದಳು. ಇವಳಿಗೆ ಆಗಲೇ ಚುಚ್ಚಿತ್ತು. ಪುನಃ ಹಾಗೆ ಕರಿ ಎಂದು ಕೇಳಲು ಬಿಗುಮಾನ. ನಾಳೆ ಕೇಳಿದರಾಯಿತು ಎನ್ನುತ್ತಲೇ ಇದ್ದಳು. ಒಂದು ಬೆಳಿಗ್ಗೆ ಅಮ್ಮ ಮುಖ ತೊಳೆಯಲು ಹೋದವಳು ಅಲ್ಲೇ ಕುಸಿದಳು.

ಈಗ ಅತ್ತೆಯ ಮಾತುಗಳಿಂದಲೇ ಆ ಹೆಸರನ್ನು ಕಟ್ಟಲು ಸೌಂಡಮ್ಮ ಹೊರಟಳು. ಊಟದ ವೇಳೆಯಲ್ಲಿ ಎಲ್ಲರೂ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡು ಕೂರುವಳು. 'ಬಾಗಿಲಿಗೆ' ಎಂಬ ಮಾತಿನ ನಡುವಿನಿಂದ ಒಂದು ತುಣುಕು, 'ಮರೀಬೇಡ' ಎಂಬುದರ ತಲೆಯಿಂದ ಒಂದು ತುಣುಕು. ಜೋಡಿಸಿ ಕೇಳಿದಳು. ಅಮ್ಮನ ದನಿಯೇ, ಆದರೆ ಅಮ್ಮನಲ್ಲ. ಅಮ್ಮನ ಬಾಯಿಯನ್ನು ಯಾರೋ ಕೈಯಿಂದ ಹಿಡಿದು ಆಡಿಸಿದ ಹಾಗೆ. ತಪ್ಪು ತಿದ್ದಿದಷ್ಟೂ ಭಯಂಕರವಾಯಿತು. ಅಂದು ರಾತ್ರಿ ಕನಸಿನಲ್ಲಿ ಅಮ್ಮ ಬಂದು ಮಾತಾಡಿದಳು, ಪದ ಪದದ ನಡುವೆ ಹೊಲಿಗೆ ಕೇಳಿಸುತ್ತಿತ್ತು. ಎಚ್ಚರವಾದ ಮೇಲೆ ಅಮ್ಮನ ನಿಜವಾದ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು "ಆಮೇಲೆ ಏಳ್ತೀನಮ್ಮ" ಒಂದೇ. ಅವಳು ಹಾಸಿಗೆಯಲ್ಲಿ ಎದ್ದು ಕೂತು ಅತ್ತಳು.

ಮನೆಯಲ್ಲಿ ಅಪ್ಪ ಇದ್ದ. ಮೊದಲಲ್ಲಿ ಅವನು ದಿನಾ ಧಾರಾವಾಹಿ ಹಾಕುತ್ತಿದ್ದ. "ಅವಳಿಗೆ ಕೆಲಸ ಅಂದ್ರೆ ಪ್ರಾಣ, ಮಾಡ್ಲಿ ಬಿಡು" ಎಂದು ಒಪ್ಪಿಗೆ ಕೊಟ್ಟವನೂ ಅವನೇ. ಬಾಗಿಲ ಹಿಂದಿನಿಂದ ಹೆಂಡತಿ ಏನಾದರೂ ಅಂದರೆ ಕುರ್ಚಿಯಲ್ಲೇ ಕೂತು ಮಾರುತ್ತರ ಕೊಡುತ್ತಿದ್ದ. "ನಿಮ್ಮಮ್ಮ ಇಷ್ಟು ನಯವಾಗಿ ನನ್ನತ್ರ ಒಂದಿನ ಮಾತಾಡಿಲ್ಲ ಕಣೆ. ಸತ್ತ ಮೇಲೆ ಬುದ್ಧಿ ಬಂದಿದೆ." ನಗುತ್ತಲೇ ಹೇಳುತ್ತಿದ್ದವನು ಒಂದು ದಿನ ಟೀವಿ ಆರಿಸಿಬಿಟ್ಟ.

"ಯಾಕಪ್ಪ?"

"ಅವಳಿಗೆ ಸುಸ್ತಾಗಿದೆ ಅನ್ಸುತ್ತೆ."

"ಅದು ಹಳೇ ರೆಕಾರ್ಡಿಂಗ್ ಅಪ್ಪ. ಸುಸ್ತು ಹೇಗಾಗುತ್ತೆ?"

"ನಿನ್ನ ಮುಖ ಕನ್ನಡೀಲಿ ನೋಡ್ಕೋ ಹೋಗು," ಎಂದ ಅಪ್ಪ. ಆಮೇಲೆ ಅಂಜುತ್ತಾ ಕೇಳಿದ: "ನಾನು ಕರೀಲೇನೇ, ಇಲಿಮರಿ ಅಂತ?"

"ನೀನು ಕರೆದ್ರೆ ಅದು ಬೇರೆ ಅಪ್ಪ."

"ಹೂಂ. ಬೇರೇನೇ," ಎಂದು ಅವನು ಎದ್ದು ಒಳಗೆ ಹೋದ. ಅವನಿಗೂ ನೋವಾಯಿತು, ಇವಳಿಗೂ ನೋವಾಯಿತು.

ಅದಾದ ಸ್ವಲ್ಪ ದಿನಕ್ಕೆ ಕತ್ತರಿ ಸಾಹೇಬರು ಮತ್ತೆ ಇಳಿದು ಬಂದರು. ಈ ಸಲ ಕೈ ಕುಲುಕಲಿಲ್ಲ. ಸೊಸೆಯ ಸಂಬಳವೂ ಇನ್ನು ಸಾಧ್ಯವಿಲ್ಲವಂತೆ. ಹಾಲನ್ನು ಯಾರಿಗೋ ಬಾಡಿಗೆಗೆ ಕೊಡುತ್ತಾರಂತೆ. ಧ್ವನಿಯ ಡಿಸ್ಕುಗಳನ್ನೆಲ್ಲ ಒರೆಸಿ ಸುದ್ದಿ ವಿಭಾಗಕ್ಕೆ ಕೊಡಬೇಕಂತೆ, ಅವರಿಗೂ ಹೊಸದು ಕೊಳ್ಳುವ ಗತಿಯಿಲ್ಲ. "ನನ್ನ ಕೈಯಲ್ಲೇನಿದೆ ಹೇಳಿ? ಮೇಲಿಂದ ಬಂದಿದೆ. ಮುಂದಿನ ವರ್ಷ ನನ್ನ ಕುರ್ಚಿನೂ ಇರುತ್ತೋ ಇಲ್ವೋ," ಎಂದರು. ಮನುಷ್ಯನ ಕಣ್ಣಿನಲ್ಲಿ ನಿಜಕ್ಕೂ ನೀರಿತ್ತು, ಸುಳ್ಳು ಹೇಳಬಾರದು. "ಒಂದು ಕೊನೇ ಕಂತು ಮಾಡ್ಕೊಳ್ಳಿ. ಅತ್ತೆ ಸಾಯೋದು ಬೇಡ, ನಮ್ಮನೇಲಿ ತಡ್ಕೊಳ್ಳಲ್ಲ."

"ಸಾಯಿಸೋಕೆ ನೀವು ದುಡ್ಡು ಕೊಟ್ರೆ ತಾನೇ!" ಎಂದರು ನಿರ್ದೇಶಕರು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೊನೆಯ ಕಂತು ಬರೆಯಲು ಕೂತರು.

ಕಥೆ ಇಷ್ಟೇ. ಸೊಸೆ ಮನೆ ಬಿಟ್ಟು ಹೊರಡುತ್ತಾಳೆ. ಹೊರಡುವ ಮುನ್ನ ಅತ್ತೆಯ ಬಾಗಿಲ ಮುಂದೆ ನಿಂತು, "ಅತ್ತೇ, ನಾನು ಹೊರಟೆ. ನೀವೂ ಬರ್ತೀರಾ?" ಎನ್ನುತ್ತಾಳೆ. ಒಳಗಿನಿಂದ ಅತ್ತೆ, "ನೀನು ಹೋಗಮ್ಮ, ನಾನು ಇಲ್ಲೇ ಇರ್ತೀನಿ" ಎನ್ನಬೇಕು. ಸೊಸೆ ದೀಪ ಆರಿಸಿ ಹೋಗುತ್ತಾಳೆ. ಮುಗಿಯಿತು.

ಸೌಂಡಮ್ಮ ಆ ಸಾಲನ್ನು ಹೊಲಿದಳು. ಹೊಲಿಗೆ ಮುಚ್ಚಲು ಅವಳಿಗೆ ಮೌನ ಬೇಕಿತ್ತು. ಧ್ವನಿಯ ಕೆಲಸದವರಿಗೆ ಇದು ಗೊತ್ತು: ಪ್ರತಿ ಕೋಣೆಗೂ ಅದರದೇ ಒಂದು ಮೌನವಿರುತ್ತದೆ, ಒಂದರ ಮೌನ ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೇ ಶೂಟಿಂಗ್ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು, ಪಿಟಿಕ್ಕೆನ್ನದೆ, ಕೋಣೆಯ ಬರಿ ಮೌನವನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಕತ್ತರಿಸಿದ ಮಾತಿನ ಕೆಳಗೆ ಅದನ್ನು ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ. ಅತ್ತೆಗೆ ನಿಜವಾದ ಮಲಗುವ ಕೋಣೆಯ ಸೆಟ್ಟಿದ್ದ ಕಾಲದ ಮೌನಗಳು ಹಳೆಯ ಡಿಸ್ಕೊಂದರಲ್ಲಿದ್ದವು. ಮೌನವನ್ನು ಅಳಿಸಲು ಆದೇಶವಿರಲಿಲ್ಲ, ಹಾಗಾಗಿ ಅವಳೂ ಅಳಿಸಿರಲಿಲ್ಲ. ಅವುಗಳನ್ನು ಪೂರ್ತಿ ಕೇಳಿಯೂ ಇರಲಿಲ್ಲ, ಮೌನವನ್ನು ಕೂತು ಕೇಳುವ ಹುಚ್ಚು ಯಾರಿಗಿದೆ? ನಡುವಿನಿಂದ ಬೇಕಾದಷ್ಟು ತುಂಡು ತೆಗೆದುಕೊಂಡರೆ ಕೆಲಸವಾಗುತ್ತಿತ್ತು.

ಹೇಗೂ ಇನ್ನು ಒರೆಸಿಹೋಗುವಂಥದ್ದೇ ತಾನೇ ಎಂದು ಅಂದು ಮಧ್ಯಾಹ್ನ ಒಂದನ್ನು ಮೊದಲಿನಿಂದ ಹಾಕಿ ಕೂತಳು. ಫ್ಯಾನ್ ನಿಂತ ಸದ್ದು. ಯಾರದೋ ಚಪ್ಪಲಿ ಒಮ್ಮೆ ಕಿರ್ರೆಂದದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದರಲ್ಲಿ ಅಮ್ಮ ಉಸಿರಾಡುತ್ತಿರುವುದು ಅವಳಿಗೆ ಗೊತ್ತಾಯಿತು. ಅಮ್ಮನ ಉಸಿರು ಅವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಅವಳು ವಾಲ್ಯೂಮ್ ಏರಿಸಿದಳು. ಆಗ, ಇದ್ದಕ್ಕಿದ್ದ ಹಾಗೆ, ತುಟಿಯಲ್ಲೇ ಅಂದ ಹಾಗೆ:

"ಏ ಇಲಿಮರಿ."

ಸೌಂಡಮ್ಮ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಮುಂದಿನದನ್ನು ಕೇಳುವ ಧೈರ್ಯ ಬರಲಿಲ್ಲ. ತಾನೇ ಹೊಲಿದದ್ದು ಎಲ್ಲೋ ಸೇರಿಕೊಂಡಿತೇ ಎಂದು ನೋಡಿದಳು. ಇಲ್ಲ, ಇದರಲ್ಲಿ ಹೊಲಿಗೆಯಿರಲಿಲ್ಲ. ಇದು ಅಮ್ಮ. ಆ ಕೋಣೆಯ ದೃಶ್ಯಗಳಲ್ಲಿ ಅಮ್ಮನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಸೊಸೆಯೊಬ್ಬಳೇ. ಹಾಗಾದರೆ ತನಗೆ ಇಲ್ಲವೆಂದದ್ದನ್ನು ಅಮ್ಮ ಆ ಹುಡುಗಿಗೆ ಕೊಟ್ಟುಬಿಟ್ಟಿದ್ದಳೇ?

ಸೊಸೆ ಮೇಕಪ್ ಕೋಣೆಯಲ್ಲಿ ತನ್ನ ಬಾಚಣಿಗೆ, ಪೌಡರು, ಸೀರೆಯ ಪಿನ್ನುಗಳನ್ನು ಒಂದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಸೌಂಡಮ್ಮ ನೇರವಾಗಿ ಹೋಗಿ ಎದುರು ನಿಂತಳು.

"ಅಮ್ಮ ನಿನ್ನನ್ನ ಏನಂತ ಕರೀತಿದ್ರು?"

"ನನ್ನನ್ನಾ? ಸೊಸೆ ಅಂತಾನೇ ಅಕ್ಕ. ಯಾಕೆ?"

"ಸುಳ್ಳು ಹೇಳ್ಬೇಡ. ನಾನು ಕೇಳಿಸ್ಕೊಂಡೆ. ಇಲಿಮರಿ ಅಂದಿದಾರೆ."

ಸೊಸೆಯ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಅವಳು ಕುರ್ಚಿ ಎಳೆದು ಸೌಂಡಮ್ಮನನ್ನು ಕೂರಿಸಿದಳು.

"ಅಕ್ಕ, ಯಾರಿಗೂ ಹೇಳ್ಬೇಡ ಅಂತ ಅಮ್ಮ ನನ್ನ ಕೈಲಿ ಮಾತು ತಗೊಂಡಿದ್ರು. ಮೌನ ತಗೊಳ್ಳುವಾಗ ನೀವು ಹೆಡ್‌ಫೋನ್ ಕಿವಿಯಿಂದ ತೆಗೆದು ಪಕ್ಕಕ್ಕಿಡ್ತಿದ್ರಲ್ಲ? ಕಣ್ಮುಚ್ಚಿ ಕಿವಿ ಉಜ್ಕೋತಿದ್ರಲ್ಲ? ಅದಕ್ಕೇ ಕಾಯ್ತಿದ್ರು. ನೀವು ತೆಗೆದ ತಕ್ಷಣ ಗಾಜಿನ ಕಡೆ ನೋಡ್ಕೊಂಡು ಮೆಲ್ಲಗೆ ಕರೆಯೋರು. ನನ್ನನ್ನಲ್ಲ ಅಕ್ಕ. ನಿಮ್ಮನ್ನ."

ಸೌಂಡಮ್ಮನ ಕೈ ತನ್ನ ಕಿವಿಯ ಹತ್ತಿರ ಹೋಯಿತು.

"ನಾನು ಒಂದ್ಸಲ ಕೇಳ್ದೆ, ಅವರಿಗೆ ಕೇಳಿಸಲ್ವಲ್ಲ ಅಮ್ಮ, ಯಾಕೆ ಕರೀತೀರಾ ಅಂತ. ಕೇಳಿಸಿದ್ರೆ ಬೈತಾಳೆ ಅಂದ್ರು. ಒಂದ್ಸಲ ಅಲ್ಲ ಅಕ್ಕ, ಪ್ರತೀ ಸಲ."

ಆ ಹುಡುಗಿ ಅಳುತ್ತಿದ್ದಳು. ಸೌಂಡಮ್ಮ ಅವಳ ತಲೆಯನ್ನು ಒಮ್ಮೆ ಸವರಿ ಗಾಜಿನ ಕೋಣೆಗೆ ಹಿಂದಿರುಗಿದಳು. ಕದ್ದು ಒಂದು ಪ್ರತಿ ಮಾಡಿಕೊಂಡು ಮನೆಗೆ ಒಯ್ಯಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಅವಳಿಗೆ ತನ್ನ ಕೈಯ ಮೇಲೇ ಭಯವಿತ್ತು. ಒಯ್ದರೆ ಅದನ್ನೂ ಕತ್ತರಿಸುತ್ತಾಳೆ, ತಿದ್ದುತ್ತಾಳೆ, ಇನ್ನಷ್ಟು ಮಾತಾಡಿಸುತ್ತಾಳೆ. ಹೊಲಿಗೆಯಿಲ್ಲದೆ ಉಳಿದ ಅಮ್ಮ ಅಷ್ಟೇ. ಅದನ್ನು ಹಾಗೇ ಬಿಡಬೇಕು.

ಕೊನೆಯ ಕಂತಿಗೆ ಜನ ಸೇರಿದರು. ಕೆಲಸ ಕಳೆದುಕೊಂಡ ಮಾವ ಬಂದಿದ್ದ, ಸ್ನಾನಕ್ಕೆ ಹೋದ ಚಿಕ್ಕಪ್ಪನೂ ಬಂದಿದ್ದ. ಕ್ಯಾಮೆರಾದ ಹಿಂದೆ ಗೋಡೆಗೆ ಒರಗಿ, ತಮ್ಮ ತಮ್ಮ ಬಾಗಿಲುಗಳನ್ನು ನೋಡುತ್ತಾ ನಿಂತರು. ಕತ್ತರಿ ಸಾಹೇಬರು ತಲೆಬಾಗಿಲ ಬಳಿ ಕೈಕಟ್ಟಿಕೊಂಡಿದ್ದರು. ಸಂಜೆಗೆ ದೀಪಗಳನ್ನು ಬಿಚ್ಚಲು ಜನ ಬರುತ್ತಾರೆ, ಆದ್ದರಿಂದ ಒಂದೇ ಸಲಕ್ಕೆ ಆಗಬೇಕು, ಎರಡನೆಯ ಟೇಕ್ ಇಲ್ಲ ಎಂದರು ನಿರ್ದೇಶಕರು. ಲೈಟಣ್ಣ ಅತ್ತೆಯ ಬಾಗಿಲ ಹಿಂದೆ ಸ್ಪೀಕರ್ ಸರಿ ಮಾಡಿ ಬಂದ.

ಸೊಸೆ ಪಡಸಾಲೆಯುದ್ದಕ್ಕೂ ನಡೆದು ಬಂದಳು. ಎಲ್ಲ ಬಾಗಿಲುಗಳ ಮುಂದೆಯೂ ಒಂದು ಕ್ಷಣ ನಿಂತು, ಕೊನೆಗೆ ಅತ್ತೆಯ ಬಾಗಿಲಿಗೆ ಅಂಗೈ ಇಟ್ಟಳು.

"ಅತ್ತೇ, ನಾನು ಹೊರಟೆ. ನೀವೂ ಬರ್ತೀರಾ?"

ಸೌಂಡಮ್ಮನ ಎದುರು ಎರಡೂ ಸಿದ್ಧವಿದ್ದವು. ಒಂದರಲ್ಲಿ ಹೊಲಿದ ಸಾಲು. ಇನ್ನೊಂದರಲ್ಲಿ ಆ ಮೌನ. ನೀನು ಹೋಗಮ್ಮ, ನಾನು ಇಲ್ಲೇ ಇರ್ತೀನಿ: ಇದನ್ನು ಒತ್ತಿದರೆ ಅಮ್ಮ ಈ ಪ್ಲೈವುಡ್ಡಿನ ಹಿಂದೆ ಎಂದೆಂದಿಗೂ ಇದ್ದುಬಿಡುತ್ತಾಳೆ ಎಂದು ಅವಳಿಗೆ ಅನ್ನಿಸಿತು. ಬಾಡಿಗೆಗೆ ಬಂದವರ ಗದ್ದಲದ ನಡುವೆ, ಯಾರೋ ಬರೆದುಕೊಟ್ಟ ಮಾತನ್ನು ಹೇಳಿಕೊಂಡು. ಅಮ್ಮನ ಕೊನೆಯ ಮಾತು ಅದಾಗಬಾರದು. ಅವಳ ಬೆರಳು ಎರಡನೆಯದನ್ನು ಒತ್ತಿತು.

ಬಾಗಿಲ ಹಿಂದಿನಿಂದ ಮೌನ ಹೊರಗೆ ಬಂತು. ನಗಬೇಡಿ, ಮೌನ ಬರುವುದು ಕೇಳಿಸುತ್ತದೆ. ಇದ್ದ ಮೌನದ ಮೇಲೆ ಇನ್ನೊಂದು ಬಂದು ಕೂತಿತು, ಹಾಲಿನಲ್ಲಿದ್ದವರೆಲ್ಲರ ಮೈ ಬಿಗಿಯಾಯಿತು. ನಿರ್ದೇಶಕರು ಹುಬ್ಬು ಗಂಟಿಕ್ಕಿ ಗಾಜಿನ ಕಡೆ ನೋಡಿದರು. ಕೈ ಎತ್ತಿ ನಿಲ್ಲಿಸಲು ಹೊರಟರು.

"ಏ ಇಲಿಮರಿ."

ಎತ್ತಿದ ಕೈ ಹಾಗೇ ಇಳಿಯಿತು. ಆ ಹೆಸರು ಯಾರದೆಂದು ಹಳಬರಿಗೆಲ್ಲ ಗೊತ್ತಿತ್ತು. ಸೊಸೆ ಬಾಗಿಲಿಂದ ಅಂಗೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದಳು. ತಿರುಗಿ ಸೌಂಡಮ್ಮನನ್ನು ನೋಡಿದಳು, ಅವಳ ಜೊತೆ ಮಾವ ನೋಡಿದ, ಚಿಕ್ಕಪ್ಪ ನೋಡಿದ, ಎಲ್ಲರೂ ನೋಡಿದರು.

ಟೇಕ್ ನಡೆಯುವಾಗ ಸೌಂಡಮ್ಮ ಇಷ್ಟು ವರ್ಷದಲ್ಲಿ ಒಂದು ದಿನವೂ ಉಸಿರೆತ್ತಿದವಳಲ್ಲ. ಉಸಿರೆತ್ತಿದವರನ್ನು ಬಿಟ್ಟವಳೂ ಅಲ್ಲ. ಹಾಲಿನೊಳಗೆ ಮಾತಾಡುವ ಗುಂಡಿ ಅವಳ ಎಡಗೈ ಬಳಿಯಿತ್ತು. ಅದನ್ನು ಒತ್ತಿ ಹಿಡಿದಳು. ಅವಳ ದನಿ ಇಡೀ ಹಾಲಿಗೆ ಕೇಳುವಂತೆ ಬಂತು.

"ಆಂ? ಏನಮ್ಮಾ?"

ಒಂದು ಗಳಿಗೆ ಏನೂ ಇಲ್ಲ. ಮತ್ತೆ ಅಮ್ಮ, ಮುಚ್ಚಿದ ಬಾಗಿಲ ಆಚೆಯಿಂದ, ಮೆಲ್ಲಗೆ:

"ಏನಿಲ್ಲ ಕಣೆ. ಸುಮ್ನೆ ಕರೆದೆ."